ಬೇಸಗೆಯ ಬಿಸಿಲೂ ಶಾಲೆಯ ಬಿಡುವೂ



ಶಾಲೆಗೆ ಬೇಸಗೆಯಲ್ಲಿ ಎಷ್ಟು ದಿನ ಬಿಡುವು ಕೊಡಬೇಕೆಂಬುದು ಮೇಲ್ನೋಟಕ್ಕೆ ಒಂದು ಕಚೇರಿಯ ಸುತ್ತೋಲೆಯಲ್ಲಿ ಮುಗಿದುಹೋಗತಕ್ಕ ವಿಷಯ. ದತ್ತಿ ಉಪನ್ಯಾಸದ ಗಾಂಭೀರ್ಯಕ್ಕೆ ಇದು ಸಾಲದೆಂದು ಭಾವಿಸುವವರೂ ಇರಬಹುದು. ಆದರೆ ಒಂದು ಸಮಾಜವು ತನ್ನ ವರ್ಷವನ್ನು ಹೇಗೆ ಹಂಚಿಕೊಳ್ಳುತ್ತದೆ, ಯಾವ ತಿಂಗಳನ್ನು ಹೊಲಕ್ಕೂ ಯಾವುದನ್ನು ಮದುವೆ ಜಾತ್ರೆಗಳಿಗೂ ಯಾವುದನ್ನು ಮಕ್ಕಳ ಓದಿಗೂ ಮೀಸಲಿಡುತ್ತದೆ ಎಂಬುದರಲ್ಲಿ ಆ ಸಮಾಜದ ವಿವೇಕವೂ, ಅದನ್ನು ಆಳುವವರ ದೃಷ್ಟಿಯೂ ಒಟ್ಟೊಟ್ಟಿಗೆ ವ್ಯಕ್ತವಾಗುವುದರಿಂದ, ಈ ವಿಷಯವನ್ನು ಸಾವಧಾನವಾಗಿ ನೋಡುವುದು ನಿಷ್ಪ್ರಯೋಜಕವಾಗಲಾರದು. ಕಲಬುರ್ಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸೀಮೆಯನ್ನೂ ಅದರೊಳಗೆ ಭೂಸನೂರಿನಂಥ ಊರಿನ ಮಗುವನ್ನೂ ಮುಂದಿಟ್ಟುಕೊಂಡು ನಾನು ಮಾತನಾಡುವೆನು. ಇಲ್ಲಿ ಜನ ಶಾಲೆಯ ರಜೆಯನ್ನು ಬಿಡುವು ಎನ್ನುವುದಕ್ಕಿಂತ ಸೂಟಿ ಎಂದೇ ಕರೆಯುವರು. ಗ್ರಂಥದ ಮಾತಿನ ನಡುವೆ ಆ ಮಾತೂ ಬಂದರೆ ತಾವು ಒಪ್ಪಿಸಿಕೊಳ್ಳಬೇಕು.

ಮೊದಲು ಸೂರ್ಯನಿಂದ ಆರಂಭಿಸೋಣ. ಕರ್ನಾಟಕವು ದಕ್ಷಿಣೋತ್ತರವಾಗಿ ನೀಳವಾದ ನಾಡು. ಬೆಂಗಳೂರು ಸುಮಾರು 13 ಅಂಶ ಉತ್ತರ ಅಕ್ಷಾಂಶದಲ್ಲಿದೆ. ಆಳಂದದ ಸೀಮೆ 17 ಅಂಶವನ್ನು ದಾಟಿ ಹದಿನೇಳೂವರೆಯ ಆಸುಪಾಸಿನಲ್ಲಿದೆ. ನಾಲ್ಕೂವರೆ ಅಂಶದ ಈ ಅಂತರ ಭೂಪಟದ ಮೇಲೆ ಗೇಣುದ್ದವೂ ಕಾಣಿಸದಿದ್ದರೂ ಅದರ ಪರಿಣಾಮವು ದೊಡ್ಡದು. ಉತ್ತರಾಯಣದಲ್ಲಿ ಮೇಲೇರುತ್ತ ಬರುವ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ನಿಲ್ಲುವುದು ಏಪ್ರಿಲ್ 24, 25ರ ಸುಮಾರಿಗೆ. ನಮ್ಮ ನೆತ್ತಿಯ ಮೇಲೆ ನಿಲ್ಲುವುದು ಮೇ 10ರ ಸುಮಾರಿಗೆ. ಅವನು ಹಿಂದಿರುಗುವಾಗ ಆಗಸ್ಟ್ ಆರಂಭದಲ್ಲಿ ಮತ್ತೊಮ್ಮೆ ನಮ್ಮ ನೆತ್ತಿಗೆ ಬರುತ್ತಾನಾದರೂ ಆಗ ಮೋಡಗಳ ಮರೆಯಿರುವುದರಿಂದ ಅವನು ಬಂದುದೂ ಹೋದುದೂ ಯಾರ ಗಮನಕ್ಕೂ ಬಾರದು. ಇದರೊಡನೆ ಎತ್ತರವನ್ನೂ ಸೇರಿಸಿಕೊಳ್ಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ಕಲಬುರ್ಗಿಯದು ಸುಮಾರು 450 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆಯು ಸುಮಾರು ಆರೂವರೆ ಅಂಶ ಇಳಿಯುವುದೆಂಬ ಲೆಕ್ಕವನ್ನು ಹಿಡಿದರೆ, ಎತ್ತರವೊಂದರಿಂದಲೇ ನಮಗೂ ರಾಜಧಾನಿಗೂ ಮೂರು ಅಂಶಗಳ ಭೇದ ಬರುತ್ತದೆ.

ಫಲವೇನೆಂದರೆ, ಬೆಂಗಳೂರಿನ ಅತ್ಯುಷ್ಣವಾದ ತಿಂಗಳು ಏಪ್ರಿಲ್, ನಮ್ಮದು ಮೇ. ಅಲ್ಲಿ ಏಪ್ರಿಲ್‌ನ ಹಗಲಿನ ಗರಿಷ್ಠ ಉಷ್ಣತೆಯ ಸರಾಸರಿ 34 ಅಂಶದಷ್ಟಿದ್ದು, ಮೇ ತಿಂಗಳಿನ ಗುಡುಗು ಮಳೆಗಳಿಂದ ಅದು ಇಳಿಮುಖವಾಗುತ್ತದೆ. ಇಲ್ಲಿ ಮೇ ತಿಂಗಳಿನ ಸರಾಸರಿಯೇ 40ರ ಆಸುಪಾಸಿನಲ್ಲಿದ್ದು, ಕೆಲವು ದಿನ 43, 44ನ್ನು ಮುಟ್ಟುವುದೂ ಉಂಟು. ಅಂದರೆ ರಾಜಧಾನಿಯಲ್ಲಿ ಬೇಸಗೆ ಮುಗಿಯಿತೆಂದು ಕೊಡೆಯನ್ನು ಹುಡುಕುವ ವಾರದಲ್ಲಿ ಇಲ್ಲಿಯ ಬೇಸಗೆ ತನ್ನ ಪೂರ್ಣಯೌವನದಲ್ಲಿರುತ್ತದೆ. ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ಪಠ್ಯಪುಸ್ತಕವೆಂದ ಮಾತ್ರಕ್ಕೆ ಬೇಸಗೆಯೂ ಒಂದೇ ಆಗಬೇಕೆಂಬ ನಿಯಮವನ್ನು ಪ್ರಕೃತಿಯು ಅಂಗೀಕರಿಸಿಲ್ಲ.

ಈ ಉಷ್ಣತೆಯ ಸ್ವರೂಪವನ್ನೂ ಗಮನಿಸಬೇಕಾಗಿದೆ. ಕರಾವಳಿಯ ಬೇಸಗೆಯಲ್ಲಿ ಉಷ್ಣಮಾಪಕವು 34ಕ್ಕಿಂತ ಮೇಲೇರದಿದ್ದರೂ ಗಾಳಿಯ ತೇವದಿಂದ ಮೈ ಬೆವರಿನಲ್ಲಿ ತೊಯ್ದು ದೇಹವು ತಾನೇ ಎಚ್ಚರಿಕೆ ಹೇಳುತ್ತದೆ. ನಮ್ಮದು ಶುಷ್ಕವಾದ ಝಳ. ಸಹ್ಯಾದ್ರಿಯ ಮಳೆನೆರಳಿನಲ್ಲಿ, ಎರಡೂ ಸಮುದ್ರಗಳಿಂದ ದೂರವಾಗಿ, ಬಸಾಲ್ಟ್ ಶಿಲೆಯ ಮೇಲೆ ಹಾಸಿದ ಎರೆಮಣ್ಣಿನ ಬಯಲಿನಲ್ಲಿ ನಾವಿದ್ದೇವೆ. ತೇವವಿದ್ದಾಗ ಅಮೃತಪ್ರಾಯವಾದ ಈ ಕಪ್ಪು ಮಣ್ಣು ಚೈತ್ರದ ಹೊತ್ತಿಗೆ ಆಳವಾಗಿ ಬಿರುಕು ಬಿಟ್ಟು, ಬಿದ್ದ ಬಿಸಿಲನ್ನೆಲ್ಲ ಹೀರಿ, ಮತ್ತೆ ಗಾಳಿಗೇ ಹಿಂದಿರುಗಿಸುತ್ತದೆ. ಇಂಥ ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವ ಮೊದಲೇ ಆರಿಹೋಗುವುದರಿಂದ ತನ್ನ ಶರೀರದಿಂದ ಎಷ್ಟು ನೀರು ಹೋಯಿತೆಂಬುದು ಮಗುವಿಗೆ ತಿಳಿಯುವುದೇ ಇಲ್ಲ. ವೈದ್ಯಶಾಸ್ತ್ರವು ಹೇಳುವ ಪ್ರಕಾರ ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರವು ದೊಡ್ಡವರದಕ್ಕಿಂತ ಅಧಿಕ, ಬೆವರುವ ಶಕ್ತಿಯು ಕಡಿಮೆ. ಹೊರಗಿನ ಗಾಳಿಯು ಮೈಗಿಂತ ಬಿಸಿಯಾದಾಗ ದೊಡ್ಡವರಿಗಿಂತ ಬೇಗ ಅದು ಉಷ್ಣವನ್ನು ಒಳಗೆಳೆದುಕೊಳ್ಳುತ್ತದೆ. ಬಾಯಾರಿಕೆಯಾಯಿತೆಂದು ಪಾಠದ ನಡುವೆ ಎದ್ದು ಹೇಳುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲವೆಂಬುದು ವೈದ್ಯರು ಬರೆಯದಿದ್ದರೂ ಉಪಾಧ್ಯಾಯರು ಬಲ್ಲ ಸಂಗತಿ.

ಒಕ್ಕಲಿಗರ ಕಾಲಗಣನೆಯು ಈ ವಿಷಯದಲ್ಲಿ ಕಚೇರಿಯ ದಿನದರ್ಶಿಕೆಗಿಂತ ನಿಷ್ಕೃಷ್ಟವಾಗಿದೆ. ಏಪ್ರಿಲ್ ಮಧ್ಯಭಾಗದಲ್ಲಿ ಅಶ್ವಿನಿ, ಅದರ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರೆ ಎಂಬ ಈ ಮಳೆನಕ್ಷತ್ರಗಳ ಕ್ರಮದಲ್ಲಿ, ನಮ್ಮ ಭಾಗದ ಜನ ನಿಜವಾಗಿ ಮಳೆಗಾಲವನ್ನು ಎಣಿಸುವುದು ಕೊನೆಯದರಿಂದ. ಮಿರಗ, ಅಂದರೆ ಮೃಗಶಿರೆ, ಕೂಡಿತೆಂದರೆ ಬಿತ್ತನೆಯ ಬೀಜ ಹೊರಗೆ ಬರುವುದು. ರೋಹಿಣಿಯಲ್ಲಿ ಮಳೆಯಾದರೆ ಅದು ಪುಣ್ಯ, ಆಗದಿದ್ದರೆ ದೂರಿಲ್ಲ. ನೈಋತ್ಯ ಮಾರುತವು ಕೇರಳವನ್ನು ಸೇರುವ ವಾಡಿಕೆಯ ದಿನ ಜೂನ್ 1 ಎಂದೂ, ಅನಂತರ ಕೆಲವು ದಿನಗಳಿಗೆ ಅದು ನಮ್ಮ ಸೀಮೆಗೆ ಬರುವುದೆಂದೂ ಹವಾಮಾನ ಇಲಾಖೆಯವರು ಹೇಳುವ ಲೆಕ್ಕವೂ ಈ ಮಿರಗದ ಲೆಕ್ಕಕ್ಕೆ ಬಂದು ಕೂಡುತ್ತದೆ. ಮಾರುತ ಹಿಡಿದ ಮೇಲೆ ಒಂದೆರಡು ವಾರಗಳಲ್ಲಿ ಹಗಲಿನ ಉಷ್ಣತೆ ಐದು ಅಂಶಗಳಷ್ಟು ಇಳಿಯುತ್ತದೆ.

ಇನ್ನು ಇತಿಹಾಸಕ್ಕೆ ಬರುವೆನು. ವಿದ್ಯೆಗೆ ಬಿಡುವು ಕೊಡುವ ಪದ್ಧತಿಯನ್ನು ಆಂಗ್ಲರು ತಂದರೆಂದು ಹೇಳುವುದು ಅರ್ಧಸತ್ಯ. ಧರ್ಮಶಾಸ್ತ್ರಗಳಲ್ಲಿ ಅನಧ್ಯಾಯದ ಪ್ರಕರಣವು ಸುದೀರ್ಘವಾಗಿದೆ. ಅಮಾವಾಸ್ಯೆ, ಹುಣ್ಣಿಮೆ, ಚತುರ್ದಶಿ, ಅಷ್ಟಮಿಗಳು ಹಾಗಿರಲಿ, ಗುಡುಗು ಮಿಂಚುಗಳಾದಾಗ, ಧೂಳಿನ ಗಾಳಿ ಎದ್ದಾಗ ಸಹ ಪಾಠ ನಿಲ್ಲತಕ್ಕುದೆಂದು ಮನು ಮೊದಲಾದವರು ವಿಧಿಸಿದ್ದಾರೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಶ್ರಾವಣದ ಅಥವಾ ಭಾದ್ರಪದದ ಹುಣ್ಣಿಮೆಗೆ ಉಪಾಕರ್ಮ ಮಾಡಿ ವೇದಾಧ್ಯಯನವನ್ನು ಆರಂಭಿಸಿ, ನಾಲ್ಕೂವರೆ ತಿಂಗಳ ಮೇಲೆ ಪುಷ್ಯದಲ್ಲಿ ಉತ್ಸರ್ಜನ ಮಾಡಬೇಕೆಂಬ ವಿಧಾನ. ವರ್ಷದ ಮುಖ್ಯ ಅಧ್ಯಯನಕಾಲವನ್ನು ಮಳೆಯೊಡನೆ ಆರಂಭಿಸಿ ಚಳಿಯೊಡನೆ ಮುಗಿಸುವ ಈ ಏರ್ಪಾಡಿನಲ್ಲಿ ಶಾಸ್ತ್ರಕಾರರ ಭಕ್ತಿಯಷ್ಟೇ ಅವರ ದೇಶಕಾಲಜ್ಞಾನವೂ ಇದೆ. ನಮ್ಮ ಜಿಲ್ಲೆಯದೇ ಆದ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, 1058ರ ಶಾಸನವು ತಿಳಿಸುವಂತೆ, 200 ಮಂದಿ ವೇದವನ್ನೂ 52 ಮಂದಿ ಶಾಸ್ತ್ರವನ್ನೂ ಓದುತ್ತಿದ್ದ ಘಟಿಕಾಸ್ಥಾನವಿತ್ತು; ಅಲ್ಲಿಯ ಪುಸ್ತಕ ಭಂಡಾರಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಇಂದು ನಮ್ಮ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಒಬ್ಬ ಗ್ರಂಥಪಾಲಕನಿದ್ದಾನೆಂದು ಕೇಳುವ ಆಸೆಯನ್ನು ಇಲ್ಲಿಗೇ ಅದುಮಿಟ್ಟುಕೊಳ್ಳುವೆನು. ಆದರೆ ಇದನ್ನು ಸ್ಮರಿಸುವಾಗ, ಆ ವಿದ್ಯೆಯ ಬಾಗಿಲು ಈ ನಾಡಿನ ಬಹುಜನಕ್ಕೂ ಸಕಲ ಸ್ತ್ರೀಯರಿಗೂ ಮುಚ್ಚಿತ್ತೆಂಬುದನ್ನು ಮರೆಯುವುದು ಪ್ರಾಮಾಣಿಕವಾಗದು. ಕೆಲವೇ ಕುಲಗಳ ಮಕ್ಕಳು ಗುರುಗೃಹದಲ್ಲೇ ಉಂಡು ಓದುವಾಗ ಬಿಡುವಿನ ಪ್ರಶ್ನೆಯು ಸುಲಭ. ಸರ್ವರ ಮಕ್ಕಳೂ ಮನೆಯಿಂದ ನಡೆದು ಬರುವ ಶಾಲೆಗೆ ಅದು ಬೇರೆಯದೇ ಪ್ರಶ್ನೆ.

ಸರ್ವರಿಗಲ್ಲದಿದ್ದರೂ ಹೆಚ್ಚು ಜನಕ್ಕೆ ತೆರೆದಿದ್ದದ್ದು ಅಯ್ಯನವರ ಗಾವಠಿ ಶಾಲೆ. ಮಠದ ಪಡಸಾಲೆಯಲ್ಲೋ ಗುಡಿಯ ಕಟ್ಟೆಯಲ್ಲೋ ನಸುಕಿಗೇ ಮಗ್ಗಿ ಆರಂಭವಾಗಿ, ಬಿಸಿಲೇರುವ ಮುನ್ನ ಮಕ್ಕಳು ಮನೆ ಸೇರಿ, ಇಳಿಹೊತ್ತಿಗೆ ಮತ್ತೆ ಕೂಡುವ ರೂಢಿ ಅದರದು. ಅಮಾವಾಸ್ಯೆ ಹುಣ್ಣಿಮೆಗಳೇ ಅದರ ಸೂಟಿ. ನಲವತ್ತೈವತ್ತು ದಿನಗಳ ಅಖಂಡ ವಿರಾಮವನ್ನು ಅದು ಅರಿಯದು. ದಿನದೊಳಗೇ ಬೇಸಗೆಯನ್ನು ತಪ್ಪಿಸಿಕೊಳ್ಳುವ ಉಪಾಯವನ್ನು ಅದು ಕಂಡುಕೊಂಡಿತ್ತು. ಎರಡಡಿ ಮೂರಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನೆತ್ತಿಯಲ್ಲೊಂದು ಬೆಳಕಿಂಡಿಯಿದ್ದ ಕಟ್ಟಡವೂ ಆ ಉಪಾಯಕ್ಕೆ ಸಹಾಯಕವಾಗಿತ್ತು. ಈಗ ನಾವು ಕಟ್ಟಿದ ಶಾಲೆಗಳಾದರೋ ತೆಳುಗೋಡೆಯ ಮೇಲೆ ಕಾಂಕ್ರೀಟಿನ ಚಪ್ಪಡಿಯನ್ನೋ ತಗಡನ್ನೋ ಹೊದ್ದು ನಿಂತಿವೆ. ಹಗಲೆಲ್ಲ ಕಾಯ್ದ ಚಪ್ಪಡಿಯು ಮಾರನೆಯ ಮುಂಜಾನೆಯವರೆಗೂ ಪೂರ್ತಿ ತಣಿಯುವುದಿಲ್ಲ. ಕಟ್ಟಡವು ಬದಲಾದಾಗ ವೇಳಾಪತ್ರಿಕೆಯೂ ಬದಲಾಗಬೇಕಿತ್ತು. ಬದಲಾಯಿತು, ಆದರೆ ತದ್ವಿರುದ್ಧ ದಿಕ್ಕಿಗೆ, ಹತ್ತರಿಂದ ನಾಲ್ಕೂವರೆಯ ಕಚೇರಿ ವೇಳೆಗೆ.

1948ರವರೆಗೆ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಆಡಳಿತವು ಉರ್ದುವಿನಲ್ಲಿ ಪಾಠ ಹೇಳಿಸಿ ಕನ್ನಡದ ಮಕ್ಕಳ ನಾಲಗೆಗೆ ತೊಡಕು ತಂದಿತೆಂಬ ದೂರು ನ್ಯಾಯವಾದುದು. 1907ರಲ್ಲಿ ಕಲಬುರ್ಗಿಯಲ್ಲಿ ನೂತನ ವಿದ್ಯಾಲಯವು ಹುಟ್ಟಿದಂಥ ಪ್ರಯತ್ನಗಳ ಬೆಲೆ ಆ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಆದರೆ ಒಂದು ವಿಷಯದಲ್ಲಿ ಮಾತ್ರ ಆ ರಾಜಧಾನಿಗೆ ನಮ್ಮ ಅನುಭವವು ಪರಕೀಯವಾಗಿರಲಿಲ್ಲ. ಹೈದರಾಬಾದ್ ನಗರವೂ ಕಲಬುರ್ಗಿಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎತ್ತರವೂ ಬಹು ಭಿನ್ನವಲ್ಲ. ಅಲ್ಲಿ ಕುಳಿತು ರಜೆಯ ಪಟ್ಟಿಯನ್ನು ಬರೆಯುವ ಅಧಿಕಾರಿಯ ನೆತ್ತಿಯನ್ನು ಸುಡುವ ಸೂರ್ಯನೂ ಇಲ್ಲಿಯ ಹುಡುಗನ ನೆತ್ತಿಯನ್ನು ಸುಡುವ ಸೂರ್ಯನೂ ಅದೇ ವಾರದಲ್ಲಿ ಅದೇ ಸ್ಥಾನದಲ್ಲಿರುತ್ತಿದ್ದನು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದಲ್ಲಿ ಸೇರಿದೆವು. ಭಾಷೆಯ ನ್ಯಾಯವು ನಮಗೆ ದೊರೆಯಿತು. ಅದು ಅಮೂಲ್ಯವಾದುದೇ ಸರಿ. ಆದರೆ ಪಂಚಾಂಗವು ನಾಲ್ಕೂವರೆ ಅಂಶ ದಕ್ಷಿಣಕ್ಕೆ ಸರಿಯಿತೆಂಬುದನ್ನು ಆ ಸಂಭ್ರಮದಲ್ಲಿ ಯಾರೂ ಗಮನಿಸಲಿಲ್ಲ.

ಈಚಿನ ಕ್ರಮವನ್ನು ನೋಡಿ. 2024-25ನೆಯ ಸಾಲಿನಲ್ಲಿ ರಾಜ್ಯದ ಶಾಲೆಗಳಿಗೆ ಬೇಸಗೆಯ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ. ಮೇ 29ಕ್ಕೆ ಶಾಲೆ ತೆರೆಯತಕ್ಕುದಾಗಿತ್ತು. ಮೇ 29 ಎಂದರೆ ರೋಹಿಣಿ ಪ್ರವೇಶವಾಗಿ ನಾಲ್ಕು ದಿನ. ಇದಕ್ಕೆ ಪ್ರತಿಯಾಗಿ ಮತ್ತೊಂದು ಆಜ್ಞೆಯನ್ನು ಇಟ್ಟು ನೋಡಬೇಕು. ಕಲಬುರ್ಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಬಿಸಿಲು ಅಸಹನೀಯವಾದುದೆಂಬ ಕಾರಣದಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಸರ್ಕಾರವೇ ಗೊತ್ತುಮಾಡುತ್ತದೆ. ಒಳ್ಳೆಯ ಆಜ್ಞೆ, ಕಚೇರಿಯ ನೌಕರರೂ ಮನುಷ್ಯರೇ. ಆದರೆ ಈ ಎರಡು ಆಜ್ಞೆಗಳನ್ನು ಕೂಡಿಸಿ ಓದಿದರೆ, ಮೇ ತಿಂಗಳ ಕೊನೆಯ ಮೂರು ದಿನ ಅದೇ ಜಿಲ್ಲೆಯಲ್ಲಿ ಗುಮಾಸ್ತನಿಗೆ ಬೇಸಗೆ, ಆರು ವರ್ಷದ ಮಗುವಿಗೆ ಮಳೆಗಾಲ. ರಾಜ್ಯವು ಬೇಸಗೆಯ ಪ್ರಾದೇಶಿಕ ಭೇದವನ್ನು ಅರಿಯದೆಂದು ಹೇಳುವಂತಿಲ್ಲ. ಅರಿತೂ ಅದನ್ನು ಒಂದು ಇಲಾಖೆಯಿಂದ ಇನ್ನೊಂದಕ್ಕೆ ದಾಟಿಸಿಲ್ಲವೆಂದು ಹೇಳಬೇಕಾಗಿದೆ. 2022ರಲ್ಲಂತೂ, ಮಹಾಮಾರಿಯ ಕಾಲದಲ್ಲಿ ನಷ್ಟವಾದ ಕಲಿಕೆಯನ್ನು ತುಂಬಿಕೊಡುವ ಸದುದ್ದೇಶದಿಂದ, ಮೇ 16ಕ್ಕೇ ಶಾಲೆಗಳನ್ನು ತೆರೆಯಲಾಯಿತು. ಆ ಉದ್ದೇಶಕ್ಕಾಗಿ ತಾರೀಖು ಚಲಿಸಬಹುದಾದರೆ ಬಿಸಿಲಿಗಾಗಿ ಏಕೆ ಚಲಿಸಬಾರದು?

ಮಳೆಗಾಗಿಯಾದರೂ ಅದು ಚಲಿಸುತ್ತದೆ. ಆಷಾಢದಲ್ಲಿ ಕೊಡಗು, ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಹೊಳೆ ತುಂಬಿ ಹರಿಯುವಾಗ ಜಿಲ್ಲಾಧಿಕಾರಿಗಳು ಹಿಂದಿನ ಸಂಜೆಗೆ ಆಜ್ಞೆ ಹೊರಡಿಸಿ ಶಾಲೆಗಳನ್ನು ಮುಚ್ಚುತ್ತಾರೆ; ಹೋದ ದಿನಗಳನ್ನು ಅನಂತರ ಶನಿವಾರಗಳಲ್ಲೋ ಬೇರೆ ರಜೆಗಳಲ್ಲೋ ತುಂಬಿಕೊಳ್ಳುತ್ತಾರೆ. ಅದನ್ನು ಯಾರೂ ಅಶಿಸ್ತೆನ್ನುವುದಿಲ್ಲ. ಮಳೆಯು ಅಪಾಯವೆಂಬುದು ಕಣ್ಣಿಗೆ ಕಾಣುತ್ತದೆ, ಸೇತುವೆ ಮುಳುಗುತ್ತದೆ, ವರ್ತಮಾನಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಬಿಸಿಲು ಯಾವ ಸೇತುವೆಯನ್ನೂ ಮುಳುಗಿಸದು.

ನೆರೆಯವರನ್ನು ನೋಡೋಣ. ನಮ್ಮ ಪೂರ್ವಕ್ಕಿರುವ ತೆಲಂಗಾಣದಲ್ಲಿ ಮಾರ್ಚ್ ಮಧ್ಯದಿಂದಲೇ ಅರ್ಧ ದಿನದ ಶಾಲೆ ಆರಂಭವಾಗಿ, ಏಪ್ರಿಲ್ 24ರ ಸುಮಾರಿಗೆ ರಜೆ ಬಂದು, ಜೂನ್ 12ಕ್ಕೆ ಶಾಲೆ ತೆರೆಯುವುದು ವಾಡಿಕೆ. ಪಶ್ಚಿಮಕ್ಕೆ ಮಹಾರಾಷ್ಟ್ರದಲ್ಲಿ ಜೂನ್ ಮಧ್ಯಕ್ಕೆ ಶಾಲೆ ತೆರೆಯುವರು. ಮತ್ತು ಅಲ್ಲಿ ಇನ್ನೂ ಉಷ್ಣವಾದ ವಿದರ್ಭಕ್ಕೆ ಬೇರೆ ತಾರೀಖನ್ನು ಕೊಟ್ಟು, ಜೂನ್ ಕೊನೆಯ ಭಾಗದವರೆಗೆ ರಜೆಯನ್ನು ಮುಂದುವರಿಸುವರು. ಒಂದೇ ರಾಜ್ಯದೊಳಗೆ ಎರಡು ತಾರೀಖುಗಳಿದ್ದರೆ ಆಡಳಿತವು ಕುಸಿದುಬೀಳುವುದೆಂಬ ಭೀತಿಗೆ ವಿದರ್ಭವೇ ಉತ್ತರ. ಆಳಂದದ ಗಡಿಯನ್ನು ದಾಟಿದೊಡನೆ ಸಿಗುವ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅದೇ ಎರೆಮಣ್ಣು, ಅದೇ ಜೋಳದ ರೊಟ್ಟಿ, ಎಷ್ಟೋ ಮನೆತನಗಳಲ್ಲಿ ಅದೇ ಬೀಗತನ. ಆಚೆಯ ಮಗು ಮಿರಗದ ಮಳೆ ಬಿದ್ದ ಮೇಲೆ ಕನ್ನಡದ ಪುಸ್ತಕವನ್ನು ತೆರೆಯುತ್ತದೆ, ಈಚೆಯ ಮಗು ರೋಹಿಣಿಯ ಉರಿಯಲ್ಲಿ. ಬೇಸಗೆಯ ವಿಷಯದಲ್ಲಿ ಹೊರನಾಡ ಕನ್ನಡಿಗನಾಗುವುದು ಲಾಭಕರವೆಂದು ಆಳಂದದವರು ಅಸೂಯೆಪಟ್ಟರೆ ಆಕ್ಷೇಪಿಸಲಾರೆ.

ದೂರದೇಶದ ಒಂದು ನಿದರ್ಶನವನ್ನೂ ಹೇಳಿ ಮುಂದುವರಿಯುವೆನು. 1892ರಲ್ಲಿ ಪ್ರಷ್ಯಾದ ಸರ್ಕಾರವು, ಬೆಳಿಗ್ಗೆ ಹತ್ತು ಗಂಟೆಗೆ ನೆರಳಿನಲ್ಲಿ ಉಷ್ಣಮಾಪಕವು 25 ಅಂಶವನ್ನು ತೋರಿದರೆ ಅಂದು ನಾಲ್ಕು ಗಂಟೆಗಳಿಗಿಂತ ಹೆಚ್ಚು ಪಾಠ ನಡೆಸಕೂಡದೆಂದು ಆಜ್ಞೆ ಮಾಡಿತು. ಆ ಮಾನದಂಡವನ್ನು ನಮಗೆ ಅನ್ವಯಿಸಿದರೆ ಫಾಲ್ಗುಣದಿಂದಾಚೆಗೆ ಪೂರ್ಣ ದಿನದ ಶಾಲೆಯೇ ನಡೆಯಲಾರದು. ನಮ್ಮ ದೇಹಗಳಿಗೆ ನಮ್ಮ ಹವೆಯ ಅಭ್ಯಾಸವಿರುವುದರಿಂದ ಆ ಸಂಖ್ಯೆಯು ನಮಗೆ ಬೇಕಾಗಿಯೂ ಇಲ್ಲ. ಗ್ರಾಹ್ಯವಾದುದು ಸಂಖ್ಯೆಯಲ್ಲ, ವಿಧಾನ. ಆ ಆಜ್ಞೆಯು ತಾರೀಖನ್ನು ನೋಡಲಿಲ್ಲ, ಅಳತೆಯನ್ನು ನೋಡಿತು. ರಾಜಧಾನಿಯ ಅಳತೆಯನ್ನಲ್ಲ, ಆ ಶಾಲೆಯ ಅಳತೆಯನ್ನು.

ಇಷ್ಟು ಹೇಳಿದ ಮೇಲೆ, ಹಾಗಾದರೆ ರಜೆಯನ್ನು ಇನ್ನೂ ದೀರ್ಘವಾಗಿ ಮಾಡಿಬಿಡೋಣವೆಂಬ ನಿರ್ಣಯವು ಸಹಜವಾಗಿ ಒದಗುತ್ತದೆ. ಅಲ್ಲಿ ನಾನು ತಮ್ಮನ್ನು ತಡೆಯಬೇಕಾಗಿದೆ. ಈ ಸೀಮೆಯ ಬಡ ಮಗುವಿಗೆ ಶಾಲೆಯೆಂದರೆ ಪಾಠ ಮಾತ್ರವಲ್ಲ, ಅನ್ನವೂ ಹೌದು. ಅನ್ನವನ್ನು ಹಂಚುವ ದಾಸೋಹವು ಈ ಸೀಮೆಗೆ ಹೊಸದಲ್ಲ: ಸುಪ್ರಸಿದ್ಧವಾದ ದಾಸೋಹದ ಮಹಿಮೆಯಿಂದ ಪೂಜ್ಯರಾದ ಶರಣಬಸವೇಶ್ವರರು ಜನಿಸಿದ್ದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಶಾಲೆಯ ಮಧ್ಯಾಹ್ನದ ಊಟಕ್ಕೆ ಸರ್ಕಾರವು ಅಕ್ಷರ ದಾಸೋಹವೆಂಬ ಹೆಸರನ್ನಿಟ್ಟು, 2002ರಲ್ಲಿ ಕಲಬುರ್ಗಿಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭಿಸಿತು. ಶಾಲೆ ಮುಚ್ಚಿದ ದಿನ ಆ ಒಲೆಯೂ ಆರುತ್ತದೆ. ಬರಗಾಲ ಪೀಡಿತ ಪ್ರದೇಶಗಳಲ್ಲಿ ಬೇಸಗೆಯ ರಜೆಯಲ್ಲೂ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಆಜ್ಞಾಪಿಸಿತು. 2024ರ ಬೇಸಗೆಯಲ್ಲಿ ಕರ್ನಾಟಕವು ಬರಪೀಡಿತವೆಂದು ಸಾರಿದ 223 ತಾಲ್ಲೂಕುಗಳಲ್ಲಿ ರಜೆಯ 41 ದಿನ ಊಟದ ಏರ್ಪಾಡು ಮಾಡಿತು. ಬರ ಘೋಷಣೆಯಾಗದ ವರ್ಷ ಆ ಏರ್ಪಾಡಿಲ್ಲ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊಲದಲ್ಲಿ ಕೂಲಿಯಿಲ್ಲದೆ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋಗುವ ಮನೆಗಳಲ್ಲಿ, ಅಜ್ಜಿಯೊಡನೆ ಉಳಿದ ಮಗುವಿನ ಹಸಿವು ಸರ್ಕಾರದ ಘೋಷಣೆಯನ್ನು ಕಾಯುವುದಿಲ್ಲ.

ಕಲಿಕೆಯ ಹಾನಿಯೂ ಇದೆ. ದೀರ್ಘ ವಿರಾಮದಲ್ಲಿ ಮಕ್ಕಳು ಕಲಿತುದನ್ನು ಮರೆಯುವರೆಂದೂ, ಓದಿಗಿಂತ ಗಣಿತವನ್ನು ಬೇಗ ಮರೆಯುವರೆಂದೂ, ಮನೆಯಲ್ಲಿ ಪುಸ್ತಕವಿಲ್ಲದವರಿಗೆ ನಷ್ಟವು ಅಧಿಕವೆಂದೂ ಶಿಕ್ಷಣಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತಿದ್ದಾರೆ. ಪಟ್ಟಣದ ಅನುಕೂಲಸ್ಥರ ಮಗುವಿಗೆ ರಜೆಯೆಂದರೆ ಬೇಸಗೆ ಶಿಬಿರ, ಈಜು, ಪ್ರವಾಸ. ಇಲ್ಲಿಯ ಹುಡುಗನಿಗೆ ಎಮ್ಮೆ, ಆಡು, ತಮ್ಮ ತಂಗಿಯರು, ಹೆಚ್ಚೆಂದರೆ ಜಾತ್ರೆ. ಹುಡುಗಿಗೆ ಇನ್ನೂ ಒಂದು ಭಾರ ಅಧಿಕ: ಬೋರ್‌ವೆಲ್ ಬತ್ತುವ ದಿನಗಳಲ್ಲಿ ಕೊಡ ಹೊರುವವಳು ಅವಳೇ. ವೈಶಾಖದ ಮದುವೆಗಳ ಕಾಲವೂ ಇದೇ ಆಗಿರುವುದರಿಂದ, ಏಳನೆಯ ತರಗತಿಯನ್ನು ಮುಗಿಸಿ ರಜೆಗೆ ಹೋದ ಹುಡುಗಿ ಎಂಟನೆಯದಕ್ಕೆ ಬಾರದಿದ್ದರೆ ಉಪಾಧ್ಯಾಯರು ಕಾರಣವನ್ನು ಊಹಿಸಬಲ್ಲರು. ರಜೆಯನ್ನು ಹತ್ತು ದಿನ ಹಿಗ್ಗಿಸುವುದೆಂದರೆ ಈ ಎಲ್ಲವನ್ನೂ ಹತ್ತು ದಿನ ಹಿಗ್ಗಿಸುವುದು.

ಅದಲ್ಲದೆ, ನಮ್ಮ ಮಕ್ಕಳು ಶಾಲೆ ತಪ್ಪಿಸಿಕೊಳ್ಳುವ ಕಾಲವು ಬೇಸಗೆಯೇ ಅಲ್ಲ. ಭೂಸನೂರಿನ ಸಕ್ಕರೆ ಕಾರ್ಖಾನೆಯಂಥವು ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಹೊತ್ತಿಗೆ ತೊಡಗಿ ಶಿವರಾತ್ರಿಯ ಸುಮಾರಿನವರೆಗೆ ನಡೆಯುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳೊಡನೆ ಅವರ ಮಕ್ಕಳೂ ಹೊಲದಿಂದ ಹೊಲಕ್ಕೆ ಸಾಗುತ್ತಾರೆ. ತೊಗರಿಯ ರಾಶಿ ಪುಷ್ಯದಲ್ಲಿ, ಬಿಳಿಜೋಳದ ಸುಗ್ಗಿ ಅದರ ಬೆನ್ನಿಗೆ. ಗ್ರಾಮೀಣರಿಗಾಗಿಯೇ ದೀರ್ಘ ರಜೆ ಹುಟ್ಟಿತೆಂಬ ಮಾತು ಅಮೆರಿಕೆಯ ವಿಷಯದಲ್ಲೂ ನಿಜವಲ್ಲವೆಂದು ಇತಿಹಾಸಕಾರರು ತೋರಿಸಿದ್ದಾರೆ. ಅಲ್ಲಿಯ ಹಳ್ಳಿಯ ಶಾಲೆಗಳು ಬಿತ್ತನೆ ಕೊಯಿಲುಗಳಿಗೆ ಮುಚ್ಚಿ, ಬೇಸಗೆಯಲ್ಲಿ ತೆರೆದಿರುತ್ತಿದ್ದವಂತೆ. ನಮ್ಮಲ್ಲಂತೂ ಹಂಗಾಮಿಗೂ ಸೂಟಿಗೂ ಸಂಬಂಧವೇ ಇಲ್ಲ.

ಆದಕಾರಣ ನನ್ನ ಅಭಿಪ್ರಾಯವಿದು: ರಜೆಯ ಪ್ರಮಾಣವನ್ನು ರಾಜ್ಯವು ಗೊತ್ತುಮಾಡಲಿ, ಅದರ ಸ್ಥಾನವನ್ನು ಜಿಲ್ಲೆಯು ಗೊತ್ತುಮಾಡಲಿ. ಎಷ್ಟು ದಿನ ಪಾಠವಾಗಬೇಕೆಂಬುದು ಮಗುವಿನ ಹಕ್ಕಿನ ವಿಷಯ, ಅದು ಬೀದರಿನಲ್ಲಿಯೂ ಚಾಮರಾಜನಗರದಲ್ಲಿಯೂ ಸಮಾನವಾಗಿರತಕ್ಕುದು. ಆ ದಿನಗಳು ಪಂಚಾಂಗದಲ್ಲಿ ಎಲ್ಲಿ ಬೀಳಬೇಕೆಂಬುದು ದೇಶಕಾಲದ ವಿಷಯ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಐದನೆಯ ತರಗತಿಯವರೆಗೆ 200 ದಿನಗಳನ್ನೂ ಆರರಿಂದ ಎಂಟನೆಯದಕ್ಕೆ 220 ದಿನಗಳನ್ನೂ ಕನಿಷ್ಠ ಪ್ರಮಾಣವೆಂದು ವಿಧಿಸಿದೆ. ವರ್ಷದಲ್ಲಿ 52 ಆದಿತ್ಯವಾರಗಳನ್ನು ಕಳೆದರೆ 313 ದಿನ. ಬೇಸಗೆಯ 48ರಲ್ಲಿ ಆದಿತ್ಯವಾರಗಳನ್ನು ಬಿಟ್ಟು 41, 2024ರ ದಸರೆಯ ಬಿಡುವಿನಲ್ಲಿ ಹಾಗೆಯೇ 15, ಹಬ್ಬಹುಣ್ಣಿಮೆಗಳಿಗೆ ಉದಾರವಾಗಿ ಇಪ್ಪತ್ತೆಂದರೂ 237 ದಿನಗಳು ಉಳಿಯುತ್ತವೆ. ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಚುನಾವಣೆ, ಗಣತಿಗಳು ಇದರಲ್ಲಿ ಎಷ್ಟನ್ನು ನುಂಗುತ್ತವೆಂಬುದು ಉಪಾಧ್ಯಾಯರಿಗೇ ಗೊತ್ತು. ಆದರೂ ಚಲನೆಗೆ ಅವಕಾಶವಿದೆ. ಏಪ್ರಿಲ್ 23ಕ್ಕೆ ಮುಚ್ಚಿ ಜೂನ್ 10ಕ್ಕೆ ತೆರೆದರೂ ರಜೆಯು ಅದೇ 48 ದಿನ, ಒಂದು ದಿನವೂ ಹೆಚ್ಚಲ್ಲ.

ಏಪ್ರಿಲ್‌ನ ಆ ಹನ್ನೆರಡು ದಿನಗಳೂ ಬಿಸಿಲಿನವೇ ಅಲ್ಲವೆ ಎಂದು ತಾವು ಕೇಳಬಹುದು. ಅಹುದು. ಆದರೆ ಅವುಗಳನ್ನು ಮುಂಜಾನೆಯ ಶಾಲೆಯಿಂದ ನಿರ್ವಹಿಸಬಹುದು. ಏಳೂವರೆಗೆ ತೊಡಗಿ ಹನ್ನೊಂದೂವರೆಗೆ ಉಣ್ಣಿಸಿ ಮನೆಗೆ ಕಳುಹಿಸುವ ಬೇಸಗೆಯ ಸಾಲಿ ಈ ಭಾಗಕ್ಕೆ ಹೊಸದಲ್ಲ. ಆಗ ಮಕ್ಕಳಿಗೆ ಶಾಲೆಯ ಅಭ್ಯಾಸವಿರುತ್ತದೆ, ಪರೀಕ್ಷೆಯ ನಂತರದ ಹಗುರ ಪಾಠಗಳಿರುತ್ತವೆ, ಕೆರೆ ಬಾವಿಗಳಲ್ಲಿ ಇನ್ನೂ ಸ್ವಲ್ಪ ನೀರಿರುತ್ತದೆ. ಮೇ ಕೊನೆಯಲ್ಲಿಯಾದರೋ ನೀರು ವರ್ಷದ ಕನಿಷ್ಠ ಮಟ್ಟಕ್ಕಿಳಿದಿರುತ್ತದೆ, ಚಪ್ಪಡಿಯು ಎರಡು ತಿಂಗಳ ಬಿಸಿಲನ್ನು ಕುಡಿದಿರುತ್ತದೆ, ಒಂದನೆಯ ತರಗತಿಗೆ ಹೊಸ ಮಗು ಅದೇ ದಿನ ಬರುತ್ತದೆ.

ಮತ್ತೊಂದು ಪ್ರಬಲವಾದ ಆಕ್ಷೇಪವನ್ನು ಮರೆಮಾಚಲಾರೆ. 2025ರಲ್ಲಿ ಮಾರುತವು ಮೇ 24ಕ್ಕೇ ಕೇರಳವನ್ನು ಸೇರಿತು. ಆ ವರ್ಷ ಮೇ 29ಕ್ಕೆ ಶಾಲೆ ತೆರೆದುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 2023ರಲ್ಲಿ, ಅದೇ ಮಾರುತವು ಬಂದದ್ದು ಜೂನ್ 8ಕ್ಕೆ, ಮತ್ತು ಆ ವರ್ಷವು ಬರಗಾಲದಲ್ಲಿ ಮುಗಿಯಿತು. ಇವೆರಡರ ನಡುವಿನ ಹದಿನೈದು ದಿನಗಳೇ ನಮ್ಮ ವಿವಾದದ ಹದಿನೈದು ದಿನಗಳು. ಒಂದು ಸ್ಥಿರವಾದ ತಾರೀಖಿನಿಂದ ಮತ್ತೊಂದು ಸ್ಥಿರವಾದ ತಾರೀಖಿಗೆ ಹಾರುವುದರಿಂದ ತೊಂದರೆಯು ತೀರದೆಂಬುದನ್ನು ಇದು ತೋರಿಸುತ್ತದೆ. ಸ್ಥಳೀಯ ಅಧಿಕಾರಕ್ಕೆ ಒಂದು ಪಕ್ಷದಷ್ಟು ಎಡೆಯನ್ನು ಬಿಡಬೇಕಾಗಿದೆ. ಹೋಬಳಿಗೊಂದರಂತೆ ಹವಾಮಾನ ಯಂತ್ರವನ್ನೂ ಪಂಚಾಯತಿಗಳಲ್ಲಿ ಮಳೆಮಾಪಕವನ್ನೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಈಗಾಗಲೇ ಇಟ್ಟಿರುವುದರಿಂದ ಅಳತೆಯ ಅಭಾವವಿಲ್ಲ. 1901ರಿಂದೀಚೆಗೆ ಅತ್ಯುಷ್ಣವಾದ ವರ್ಷ 2024 ಎಂದು ಹವಾಮಾನ ಇಲಾಖೆಯು ಸಾರಿರುವಾಗ, ಈ ಎಡೆಯು ಮುಂದೆ ಇನ್ನೂ ಅವಶ್ಯಕವಾಗಬಹುದು.

ಇದಕ್ಕೆ ಕಾಯಿದೆಯ ಬೆಂಬಲವಿದೆಯೆ? ಇದೆ, ಮತ್ತು ಅದು ಯಾರೂ ಓದದೆ ಬಿಟ್ಟ ಒಂದು ಸಾಲಿನಲ್ಲಿದೆ. ಅದೇ 2009ರ ಕಾಯಿದೆಯ 9ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಎಣಿಸುತ್ತ, ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಹೇಳಿ, ಅನಂತರ ಶೈಕ್ಷಣಿಕ ವೇಳಾಪಟ್ಟಿಯನ್ನು ನಿರ್ಧರಿಸುವುದೂ ಆ ಪ್ರಾಧಿಕಾರದ ಕರ್ತವ್ಯವೆಂದು ಸ್ಪಷ್ಟವಾಗಿ ನುಡಿಯುತ್ತದೆ. ಸ್ಥಳೀಯ ಪ್ರಾಧಿಕಾರವೆಂದರೆ ಜಿಲ್ಲಾ ಪಂಚಾಯತಿ, ಪುರಸಭೆ, ಪಂಚಾಯತಿಗಳು. ಕಾಯಿದೆಯು ಕರ್ತವ್ಯವೆಂದು ಕೊಟ್ಟುದನ್ನು ನಾವು ಅಧಿಕಾರವೆಂದು ಕೂಡ ತೆಗೆದುಕೊಳ್ಳದೆ ಬೆಂಗಳೂರಿನ ಸುತ್ತೋಲೆಗಾಗಿ ಕಾಯುತ್ತ ಕುಳಿತಿದ್ದೇವೆ. ಸಾರ್ವಜನಿಕ ಪರೀಕ್ಷೆಯ ಏಕರೂಪತೆಯನ್ನು ಮುಂದೊಡ್ಡುವವರಿಗೆ, ಎಸ್ಸೆಸ್ಸೆಲ್ಸಿಯ ಮುಖ್ಯ ಪರೀಕ್ಷೆಯು ಮಾರ್ಚ್‌ನಲ್ಲಿಯೇ ತೊಡಗುವುದರಿಂದ ಒಂದರಿಂದ ಎಂಟನೆಯವರೆಗಿನ ರಜೆ ಹನ್ನೆರಡು ದಿನ ಸರಿದರೆ ಅದಕ್ಕೆ ಬಾಧೆಯಿಲ್ಲವೆಂದು ಹೇಳಬಹುದು. ಊಟದ ವಿಷಯದಲ್ಲಿ, ಬರ ಘೋಷಣೆಯೊಂದನ್ನೇ ಆಧಾರವಾಗಿಟ್ಟುಕೊಳ್ಳದೆ, ಕಚೇರಿಯ ವೇಳೆಯನ್ನು ಬದಲಾಯಿಸುವ ಜಿಲ್ಲೆಗಳಲ್ಲೆಲ್ಲ ರಜೆಯ ದಿನಗಳಲ್ಲೂ ಅಡುಗೆಮನೆ ತೆರೆದಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಅಡುಗೆಯವರು ಊರಿನವರೇ, ಪಾತ್ರೆಗಳು ಶಾಲೆಯಲ್ಲೇ ಇವೆ. ಇಲಾಖೆಯ ವಾರ್ಷಿಕ ಮಾರ್ಗಸೂಚಿಯು ಹೊಸ ಸಾಲಿನ ಆರಂಭಕ್ಕೆ ಮುನ್ನ ಸಿದ್ಧವಾಗುವುದರಿಂದ, ಬೇಸಗೆ ಬಂದ ಮೇಲೆ ಅರ್ಜಿ ಬರೆದು ಫಲವಿಲ್ಲ. ಶಾಲಾಭಿವೃದ್ಧಿ ಸಮಿತಿಯ ಮಾತು ಪಂಚಾಯತಿಯ ಠರಾವಾಗಿ, ಆಳಂದ, ಅಫಜಲಪುರ, ಜೇವರ್ಗಿಗಳ ಠರಾವುಗಳು ಒಟ್ಟುಗೂಡಿ, ಎಳ್ಳಮಾವಾಸ್ಯೆ ಕಳೆದು ತೊಗರಿಯ ರಾಶಿ ಮುಗಿಯುವಷ್ಟರಲ್ಲಿ ಕಲಬುರ್ಗಿಯ ಜಿಲ್ಲಾ ಪಂಚಾಯತಿಯ ಮುಂದೆ ಬಂದಿರಬೇಕು.